ಮೀನಖಂಡದ ನೋವು ಬೇಗ ಹೋಗುತ್ತದೆ, ಹಿಮ್ಮಡಿ ಮೇಲಿನದು ಯಾಕೆ ಹೋಗುವುದಿಲ್ಲ?

ಹಾವೇರಿಯ ಹೋರಿ ಹಬ್ಬದಲ್ಲಿ ಓಡಿ ಮೀನಖಂಡ ಹಿಡಿದುಕೊಂಡ ಅಣ್ಣ ವಾರದಲ್ಲಿ ಸರಿಯಾದ, ಹಿಮ್ಮಡಿ ಮೇಲೆ ಪೆಟ್ಟಾದ ತಮ್ಮ ತಿಂಗಳಾದರೂ ಕುಂಟುತ್ತಿದ್ದಾನೆ, ಯಾಕೆ ಅಂತ ಕೇಳಿದ್ದೀರಿ. ಮುಖ್ಯ ಕಾರಣ ರಕ್ತ. ಮಾಂಸಖಂಡದ ತುಂಬ ಸಣ್ಣ ರಕ್ತನಾಳಗಳಿವೆ. ಹರಿದ ಎಳೆ ಸರಿಮಾಡುವ ಜೀವಕೋಶಗಳೂ ಅಲ್ಲೇ ಇರುತ್ತವೆ.

ಈಗ ಹಿಮ್ಮಡಿ ಮೇಲೆ ಬೆರಳಿಟ್ಟು ಪಾದ ಆಡಿಸಿ ನೋಡಿ. ಬಿಗಿಯಾದ ಹುರಿಯಂಥದ್ದು ಸಿಗುತ್ತದೆ ಅಲ್ವಾ? ಅದು ಅಕಿಲಿಸ್ ಟೆಂಡನ್, ಮೀನಖಂಡವನ್ನು ಮೂಳೆಗೆ ಕಟ್ಟುವ ಸಂಯೋಜಕ ಅಂಗಾಂಶ. ಅದರಲ್ಲಿ ಕೊಲ್ಯಾಜನ್ ಎಂಬ ಗಟ್ಟಿ ಪ್ರೋಟೀನಿನ ನಾರು ಜಾಸ್ತಿ, ಜೀವಕೋಶ ಕಡಿಮೆ. ಹಿಮ್ಮಡಿ ಮೂಳೆಯಿಂದ ಸುಮಾರು 2–6 ಸೆಂ.ಮೀ. ಮೇಲಿನ ಭಾಗಕ್ಕೆ ರಕ್ತ ಇನ್ನೂ ಕಡಿಮೆ, ಟೆಂಡನ್ ಕಿತ್ತುಹೋಗುವುದೂ ಹೆಚ್ಚಾಗಿ ಅಲ್ಲೇ. ಅದಕ್ಕೇ ವಾಸಿಯಾಗುವುದು ನಿಧಾನ.

ತಿಂಗಳಾಗಿದೆ ಅಂದಮೇಲೆ ಸುಮ್ನೆ ಎಣ್ಣೆ ಹಚ್ಚಿ ಉಜ್ಜಿಸುತ್ತಾ ಕೂರಬೇಡಿ. ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಇವತ್ತೇ ಮೂಳೆ ಡಾಕ್ಟರಿಗೆ ತೋರಿಸಿ.