ಪ್ರತಿಕ್ರಿಯೆ: ಬೀದರ್ ಮೇಲೆ ದಿನಾ ಜೆಟ್ ಯಾಕೆ?

ಬೀದರ್ ವಾಯುನೆಲೆಯಿಂದ ದಿನಾ ಜೆಟ್ ಏಳುವುದು ಗಡಿ ಕಾಯೋದಕ್ಕಾ ಎಂದು ಕೇಳಿದ್ದೀರಿ. ಅಲ್ಲ, ಅದು ಮುಖ್ಯವಾಗಿ ಪಾಠಶಾಲೆ. ಮುಂದೆ ಯುದ್ಧವಿಮಾನ ಹಾರಿಸುವವರು ಇಲ್ಲಿ ಹಾಕ್ ಜೆಟ್‌ನಲ್ಲಿ ಪಳಗುತ್ತಾರೆ. ಮುಂದಿನ ಸೀಟಲ್ಲಿ ಶಿಷ್ಯ, ಹಿಂದೆ ಸ್ವಲ್ಪ ಎತ್ತರದಲ್ಲಿ ಗುರು. ಒಂದೇ ವಿಮಾನ ಸುತ್ತಿ ಬಂದು, ರನ್‌ವೇಗೆ ಚಕ್ರ ತಾಗಿಸಿ ಮತ್ತೆ ಏಳುತ್ತದಲ್ವಾ? ಅದು ಲ್ಯಾಂಡಿಂಗ್ ಅಭ್ಯಾಸ. ಏನೋ ಕೆಟ್ಟಿದೆ ಅಂತ ಸುಮ್ನೆ ಗಾಬರಿಯಾಗಬೇಡಿ.

ಹಾಕ್ ಬಂದಿದ್ದು 2008ರಲ್ಲಿ. ಒಂಬತ್ತು ವಿಮಾನ ಒಟ್ಟಿಗೆ ಹಾರಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೂ ಬೀದರಿನಲ್ಲೇ. ಆಗ ಎಚ್‌ಎಎಲ್‌ನ ಕಿರಣ್ ವಿಮಾನಗಳಿದ್ದವು. ಪೈಲಟ್‌ಗಳ ತರಬೇತಿಗೆ ವಿಮಾನ ಸಾಲದೆ ಅವನ್ನು ಅದಕ್ಕೇ ಬಿಟ್ಟುಕೊಟ್ಟು 2011ರಲ್ಲಿ ತಂಡ ನಿಂತುಹೋಯಿತು. ಆಮೇಲೆ ಹಾಕ್ ಹತ್ತಿ ಮರಳಿತು. ನನಗಂತೂ ಬೀದರಿನ ದೊಡ್ಡ ಹೆಮ್ಮೆ ಅದೇ. ಅಂದ ಹಾಗೆ, 2020ರಲ್ಲಿ ಶುರುವಾದ ಬೆಂಗಳೂರು ವಿಮಾನ ಇಳಿದದ್ದೂ ಇದೇ ರನ್‌ವೇ ಮೇಲೆ.