ಹಾಲುಹಲ್ಲು ತಾನೇ, ಬಿದ್ದು ಹೋಗುತ್ತಲ್ಲ!

(ಗುರುತು ಸಿಗಬಾರದೆಂದು ಊರು, ಉದ್ಯೋಗ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಪುಟ್ಟ ಎಂದು ಕರೆಯುತ್ತೇನೆ.)

ಪುಟ್ಟನಿಗೆ ಐದೂವರೆ ವರ್ಷ. ಮನೆಯವರನ್ನು ಕೂರಿಸಿ ಮಾತಾಡಿ ಸಲಹೆ ಕೊಡುವ ಕೆಲಸ ನನ್ನದು, ಮಕ್ಕಳ ದಂತವೈದ್ಯರೊಬ್ಬರು ಈ ಕುಟುಂಬವನ್ನು ನನ್ನ ಬಳಿ ಕಳಿಸಿದ್ದರು. ಚೀಟಿಯಲ್ಲಿ ಎರಡೇ ಸಾಲು: ಹುಡುಗ ಬಾಯಿ ತೆರೆಯುತ್ತಿಲ್ಲ, ಮನೆಯವರು ಚಿಕಿತ್ಸೆಗೆ ಒಪ್ಪುತ್ತಿಲ್ಲ. ಮೊದಲನೆಯದಕ್ಕಿಂತ ಎರಡನೆಯದೇ ಕಷ್ಟದ್ದು ಅಂತ ಅವರು ಕೂತು ಮಾತಾಡಲು ಶುರು ಮಾಡುತ್ತಿದ್ದಂತೆ ಗೊತ್ತಾಯಿತು.

ತಾಯಿಗೆ ಮಾತಾಡುವ ಮೊದಲೇ ಅಳು ಬಂತು. "ರಾತ್ರಿ ಹಲ್ಲುನೋವು ಅಂತ ಎದ್ದು ಕೂರ್ತಾನೆ ಮೇಡಂ. ಶಾಲೆಗೆ ಕಟ್ಟಿದ ಡಬ್ಬಿ ಹಾಗೇ ವಾಪಸ್ ಬರುತ್ತೆ" ಅಂದರು. ತಂದೆಗೆ ಖರ್ಚಿನ ಚಿಂತೆ. "ಬಿದ್ದು ಹೋಗೋ ಹಲ್ಲಿಗೆ ಕ್ಯಾಪ್ ಹಾಕಿಸಬೇಕಾ? ಸುಮ್ನೆ ದುಡ್ಡು ಕೀಳ್ತಾರೆ ಅಲ್ವಾ?" ಅಜ್ಜಿಗೆ ಸಿಟ್ಟು ಸೊಸೆಯ ಮೇಲೆ. "ನಾವೂ ನಾಲ್ಕು ಮಕ್ಕಳನ್ನ ಸಾಕಿದೀವಮ್ಮ. ಬಾಟ್ಲಿ ಬಾಯಿಗಿಟ್ಟು ಮಲಗಿಸಲಿಲ್ಲ." ಸೊಸೆ ತಲೆ ಎತ್ತದೆ, "ಅತ್ತೆ, ದಿನಾ ಬೆಳಗ್ಗೆ ಹಾಲಲ್ಲಿ ರಸ್ಕ್ ಅದ್ದಿ ತಿನ್ನಿಸೋದು ಯಾರು?" ಎಂದರು.

ಇಂಥ ಹೊತ್ತಲ್ಲಿ ತೀರ್ಪು ಹೇಳುವ ಕುರ್ಚಿಯಲ್ಲಿ ನಾನು ಕೂರುವುದಿಲ್ಲ. ಇಬ್ಬರದೂ ನಿಜವೇ. ರಾತ್ರಿ ಬಾಟಲಿಯ ಸಿಹಿ ಹಾಲು ಹಲ್ಲಿನ ಮೇಲೆ ನಿಂತಿತ್ತು. ಹಗಲಿನ ರಸ್ಕು, ಬಿಸ್ಕತ್ತು ಉಳಿದ ಕೆಲಸ ಮುಗಿಸಿದ್ದವು. ಬಾಯಿಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ಎಷ್ಟು ಸಿಹಿ ತಿಂದ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದ ಅನ್ನುವುದು ಮುಖ್ಯ. ಬೆಲ್ಲವಾದರೂ ಅಷ್ಟೇ. ಅದು ಹಲ್ಲಿಗೆ ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಹಲ್ಲಿಗೆ ಮಾತ್ರ ಅದೂ ಸಕ್ಕರೆಯೇ.

ಪುಟ್ಟ ಇಷ್ಟು ಹೊತ್ತೂ ಮೇಜಿನ ಕೆಳಗಿದ್ದ. ಹಿಂದೆ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುವಾಗ "ಚಾಕೊಲೇಟ್ ಕೊಡಿಸ್ತೀವಿ, ಸೂಜಿ ಇಲ್ಲ" ಎಂದಿದ್ದರಂತೆ. ಅಲ್ಲಿ ಕೈಕಾಲು ಹಿಡಿದು ಇಂಜೆಕ್ಷನ್ ಕೊಟ್ಟರು. ಹಲ್ಲು ಕೀಳಲಾಗಲಿಲ್ಲ, ಹುಡುಗ ಕಿರುಚಿ ವಾಂತಿ ಮಾಡಿಕೊಂಡ, ಮನೆಗೆ ಬಂದರು. ಅಂದಿನಿಂದ ಬ್ರಷ್ ಕಂಡರೂ ತುಟಿ ಬಿಗಿ. ಮನೆಯಲ್ಲಿ ಊಟ ಬಿಟ್ಟರೆ "ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ" ಅನ್ನುವ ಬೆದರಿಕೆ ಬೇರೆ. ಅವನ ಜಾಗದಲ್ಲಿ ನಾನಿದ್ದರೂ ಬಾಯಿ ತೆರೆಯುತ್ತಿರಲಿಲ್ಲ.

ಮೊದಲು ದಂತವೈದ್ಯರು ಕೊಟ್ಟ ಹಾಳೆಯನ್ನು ಎದುರಿಗಿಟ್ಟು ಮನೆಯವರ ಜೊತೆ ಓದಿದೆ. ಹಲ್ಲಿನ ವೈದ್ಯೆ ನಾನಲ್ಲ. ಆದರೆ ವೈದ್ಯರ ಕೋಣೆಯಲ್ಲಿ ತಲೆಯಾಡಿಸಿ ಬಂದವರು ಹೊರಗೆ ಬಂದ ಮೇಲೆ ಕೇಳುವ ಪ್ರಶ್ನೆಗಳು ನನಗೆ ಪರಿಚಿತ. "ಚಿಕಿತ್ಸೆ ಬೇಕಾ ಬೇಡವಾ ಅಂತ ಕೇಳಬೇಡಿ. ಒಂದೊಂದು ಹಲ್ಲನ್ನೂ ಬೇರೆ ಬೇರೆ ನೋಡಿ, ಇದು ಯಾವಾಗ ಬೀಳುತ್ತೆ ಅಂತ ಕೇಳಿ" ಎಂದೆ.

ಬಾಯಿಯ ಮುಂಭಾಗದ ಹಾಲುಹಲ್ಲುಗಳು ಆರರಿಂದ ಎಂಟು ವರ್ಷದೊಳಗೆ ಬೀಳುತ್ತವೆ. ಪುಟ್ಟನ ಮೇಲಿನ ನಾಲ್ಕು ಹಲ್ಲು ಕಂದು ಬಣ್ಣಕ್ಕೆ ತಿರುಗಿ ಅರ್ಧ ಸವೆದಿದ್ದವು. ಅವುಗಳ ಮಟ್ಟಿಗೆ ಅಪ್ಪನ ಮಾತು ಸರಿ. ದವಡೆಯ ಹಾಲುಹಲ್ಲುಗಳ ಕತೆ ಬೇರೆ. ಅವು ಬೀಳುವುದು ಒಂಬತ್ತರಿಂದ ಹನ್ನೆರಡರ ನಡುವೆ. ಅಂದರೆ ಇನ್ನೂ ನಾಲ್ಕಾರು ವರ್ಷ ಅನ್ನ, ಚಪಾತಿ, ಚಕ್ಕುಲಿ ಎಲ್ಲವನ್ನೂ ಅಗಿಯಬೇಕಾದದ್ದು ಅವೇ. ಅವು ಬೇಗ ಹೋದರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ, ಕೆಳಗಿನಿಂದ ಬರಬೇಕಾದ ಹಲ್ಲಿಗೆ ದಾರಿ ಇರುವುದಿಲ್ಲ. ಆಮೇಲೆ ಕ್ಲಿಪ್ ಹಾಕಿಸುವ ಖರ್ಚು ಇದಕ್ಕಿಂತ ಜಾಸ್ತಿ. ಇದನ್ನು ಕೇಳಿ ತಂದೆ ಮೊದಲ ಸಲ ಹಾಳೆಯನ್ನು ತಮ್ಮ ಕೈಗೆ ತೆಗೆದುಕೊಂಡರು.

ಮುಂಭಾಗದ ಆ ನಾಲ್ಕಕ್ಕೆ ವೈದ್ಯರು ಸೂಚಿಸಿದ್ದು ಸಿಲ್ವರ್ ಡೈಅಮೈನ್ ಫ್ಲೋರೈಡ್. ಕೊರೆಯುವುದಿಲ್ಲ, ಚುಚ್ಚುವುದಿಲ್ಲ. ಔಷಧಿ ಹಚ್ಚಿದರೆ ಹುಳುಕು ಬಹಳ ಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಆದರೆ ಹುಳುಕಿನ ಜಾಗ ಕಪ್ಪಾಗುತ್ತದೆ, ಮತ್ತೆ ಬಿಳಿ ಆಗುವುದಿಲ್ಲ. ತಾಯಿ ಇಲ್ಲಿ ತಡೆದರು. "ಶಾಲೆಲಿ ಮಕ್ಕಳು ಆಡ್ಕೊಳ್ತಾರೆ." ನ್ಯಾಯವಾದ ಚಿಂತೆ. ಬಿಳಿ ಕ್ಯಾಪ್ ಕೂಡ ಹಾಕಬಹುದು, ದುಬಾರಿ, ಹುಡುಗ ಹೆಚ್ಚು ಹೊತ್ತು ಬಾಯಿ ತೆರೆದು ಕೂರಬೇಕು. ಹಲ್ಲು ಈಗಲೇ ಕಂದಾಗಿದೆ, ಒಂದೆರಡು ವರ್ಷದಲ್ಲಿ ಬೀಳುವಂಥದ್ದು. ಇಬ್ಬರೂ ಮನೆಗೆ ಹೋಗಿ ಯೋಚಿಸಿ, ಕಪ್ಪೇ ಸಾಕು ಎಂದರು. ಇದಕ್ಕೆ ಸಹಿ ಹಾಕುವ ಮೊದಲು ಕಪ್ಪಾದ ಹಲ್ಲಿನ ಫೋಟೋ ತೋರಿಸಿ ಅಂತ ವೈದ್ಯರನ್ನು ಯಾರು ಬೇಕಾದರೂ ಕೇಳಬಹುದು, ಕೇಳಲೇಬೇಕು.

ದವಡೆಯಲ್ಲಿ ಎರಡು ಹಲ್ಲಿನ ಹುಳುಕು ನರ ಮುಟ್ಟಿರಲಿಲ್ಲ. ಅವಕ್ಕೆ ಸ್ಟೀಲ್ ಕ್ಯಾಪ್. ಅದರಲ್ಲೂ ಹಾಲ್ ವಿಧಾನ ಅಂತ ಒಂದಿದೆ. ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಅವರಿಂದ ಬಂದ ಹೆಸರು. ಹುಳುಕನ್ನು ಕೊರೆದು ತೆಗೆಯದೆ, ಇಂಜೆಕ್ಷನ್ ಕೊಡದೆ, ಹಲ್ಲಿನ ಮೇಲೆ ಕ್ಯಾಪ್ ಒತ್ತಿ ಕೂರಿಸುತ್ತಾರೆ. ಒಳಗಿನ ಹುಳುಕಿಗೆ ಆಹಾರ ಸಿಗದೆ ಅದು ನಿಂತುಹೋಗುತ್ತದೆ. ಹುಳುಕು ಬಿಟ್ಟು ಮುಚ್ಚುವುದಾ ಅಂತ ತಂದೆಗೆ ಇದು ಮೋಸದ ಕೆಲಸ ಅನ್ನಿಸಿತ್ತು. ಸರಿಯಾದ ಹಲ್ಲು ಆರಿಸಿಕೊಂಡರೆ ಇದು ಒಪ್ಪಿತವಾದ ವಿಧಾನ. ಕೀವಾದ ಹಲ್ಲಿಗೆ, ರಾತ್ರಿ ತಾನಾಗಿ ನೋಯುವ ಹಲ್ಲಿಗೆ ಇದನ್ನು ಮಾಡುವುದಿಲ್ಲ. ಕ್ಯಾಪ್ ಹಾಕಿದ ಮೇಲೆ ಕೆಲವು ದಿನ ಕಚ್ಚಿದರೆ ಎತ್ತರ ಅನ್ನಿಸುತ್ತದೆ, ಆಮೇಲೆ ಸರಿಹೋಗುತ್ತದೆ.

ಇನ್ನೊಂದು ಹಲ್ಲಿಗೆ ನರದ ಚಿಕಿತ್ಸೆ ಬೇಕಿತ್ತು. ಮತ್ತೊಂದು ಹಲ್ಲು, ಎಡಗಡೆ ಕೆಳಗಿನ ಮೊದಲ ದವಡೆ ಹಾಲುಹಲ್ಲು, ಅದರ ಬುಡದಲ್ಲಿ ಕೀವಿನ ಗುಳ್ಳೆ. ಬೇರೇ ಕೆಟ್ಟಿತ್ತು, ತೆಗೆಯಲೇಬೇಕು. ತೆಗೆದ ಮೇಲೆ ಆ ಜಾಗ ಮುಚ್ಚಿಕೊಳ್ಳದಂತೆ ಪಕ್ಕದ ಹಲ್ಲಿಗೆ ತಂತಿಯ ಕುಣಿಕೆಯೊಂದನ್ನು ಅಂಟಿಸುತ್ತಾರೆ. ಸ್ಪೇಸ್ ಮೇಂಟೇನರ್ ಅನ್ನುತ್ತಾರೆ.

ಅಜ್ಜಿ ಗುಳ್ಳೆಗೆ ಲವಂಗದೆಣ್ಣೆ ಹಚ್ಚುತ್ತಿದ್ದರು. ಮಗುವಿನ ಒಸಡು ಸುಡುತ್ತದೆ, ಬೇಡ ಎಂದೆ. ಆಂಟಿಬಯಾಟಿಕ್ ಸಿರಪ್ ಮೆಡಿಕಲ್ ಶಾಪಿನಿಂದ ತಂದು ಕುಡಿಸಿ ದಿನ ದೂಡಿದ್ದೂ ಆಗಿತ್ತು. ಗುಳ್ಳೆ ಇಳಿದ ಹಾಗೆ ಕಂಡರೂ ಕಾರಣ ಹಲ್ಲಿನೊಳಗೆ ಇದ್ದೇ ಇರುತ್ತದೆ. ನೋವಿಗೆ ವೈದ್ಯರು ತೂಕ ನೋಡಿ ಹೇಳಿದ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಮಕ್ಕಳಿಗೆ ಕೊಡಬಾರದು. ಜ್ವರ, ಊತ ಇಲ್ಲದ್ದರಿಂದ ಕೆಲವು ವಾರ ತಯಾರಿಗೆ ಸಿಗಬಹುದು ಎಂದು ದಂತವೈದ್ಯರೂ ಹೇಳಿದರು. ಕೆನ್ನೆ ಅಥವಾ ದವಡೆ ಊದಿದರೆ, ಜ್ವರ ಬಂದರೆ, ಕಣ್ಣಿನ ಸುತ್ತ ಬಾವು ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಆಗದಿದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ ಎಂದು ಮೂವರಿಗೂ ಹೇಳಿದೆ.

ಎಲ್ಲವನ್ನೂ ಅರಿವಳಿಕೆ ಕೊಟ್ಟು ಒಂದೇ ಸಲ ಮುಗಿಸುವ ದಾರಿಯೂ ಹಾಳೆಯಲ್ಲಿತ್ತು. ತಾಯಿ ಅದನ್ನು ಓದಿಯೇ ಹೆದರಿದ್ದರು. ಬಹಳ ಚಿಕ್ಕ ಮಕ್ಕಳಿಗೆ, ವಿಶೇಷ ಅಗತ್ಯವಿರುವ ಮಕ್ಕಳಿಗೆ, ತುಂಬ ಹಲ್ಲು ಕೆಟ್ಟವರಿಗೆ ಅದೇ ಸರಿಯಾದ ಆಯ್ಕೆ ಆಗಬಹುದು, ಅದನ್ನು ಸೋಲು ಅಂದುಕೊಳ್ಳಬೇಕಿಲ್ಲ. ಆದರೆ ಅದು ಅರಿವಳಿಕೆ ತಜ್ಞರು, ಮಕ್ಕಳ ತುರ್ತು ಸಲಕರಣೆ ಇರುವ ಆಸ್ಪತ್ರೆಯಲ್ಲೇ ಆಗಬೇಕು. ಆ ಎರಡನ್ನೂ ಬಾಯಿಬಿಟ್ಟು ಕೇಳಿ. ನಡುವೆ ನೈಟ್ರಸ್ ಆಕ್ಸೈಡ್ ಅನ್ನುವ ಗ್ಯಾಸ್ ಇದೆ. ಮಗು ಎಚ್ಚರವಾಗೇ ಇರುತ್ತದೆ, ಹೆದರಿಕೆ ಕಡಿಮೆಯಾಗುತ್ತದೆ, ಆದರೆ ಮೂಗಿಗೆ ಮಾಸ್ಕ್ ಇಟ್ಟುಕೊಳ್ಳಲು ಒಪ್ಪಬೇಕು. ಪುಟ್ಟನಿಗೆ ಮೊದಲು ಸಾಮಾನ್ಯ ರೀತಿಯಲ್ಲೇ ಪ್ರಯತ್ನಿಸೋಣ, ಆಗದಿದ್ದರೆ ಗ್ಯಾಸ್ ಎಂದು ತೀರ್ಮಾನವಾಯಿತು. ಖರ್ಚಿಗೆ ತಂದೆ ದಂತ ಕಾಲೇಜಿನ ಮಕ್ಕಳ ವಿಭಾಗವನ್ನು ಆರಿಸಿಕೊಂಡರು. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ಮಾಡುತ್ತಾರೆ. ಹೊತ್ತು ಹಿಡಿಯುತ್ತದೆ, ಹಣ ಕಡಿಮೆ.

ಇನ್ನು ಪುಟ್ಟನ ವಿಷಯ. ನಾನು ಮನೆಯವರಿಗೆ ಹಾಕಿದ ಮೊದಲ ಷರತ್ತು: ಸುಳ್ಳು ಹೇಳಬಾರದು. "ನೋವೇ ಆಗಲ್ಲ" ಅನ್ನಬೇಡಿ. "ಒಂದು ಸಲ ಚುರುಕ್ ಅನ್ನುತ್ತೆ, ಆಮೇಲೆ ತುಟಿ ಜೋಮು ಹಿಡಿಯುತ್ತೆ" ಅನ್ನಿ. ಕೇಳದಿದ್ದರೆ ಸೂಜಿಯ ಮಾತನ್ನು ನೀವಾಗಿ ಎತ್ತಬೇಡಿ. ಡಾಕ್ಟರ್ ಹೆಸರಿನ ಬೆದರಿಕೆ ಅವತ್ತಿಗೇ ಬಂದ್. ಕೈ ಎತ್ತಿದರೆ ವೈದ್ಯರು ನಿಲ್ಲಿಸುತ್ತಾರೆ ಅನ್ನುವ ಒಪ್ಪಂದ ಮಾಡಿಸಿ, ಎತ್ತಿದಾಗ ನಿಜವಾಗಿ ನಿಲ್ಲಿಸಬೇಕು. ಇಲ್ಲದಿದ್ದರೆ ಮತ್ತೊಂದು ಮೋಸ ಆಯಿತಷ್ಟೇ.

ನನ್ನ ಕೋಣೆಯಲ್ಲಿ ಅವನು ಗೊಂಬೆಯ ಹಲ್ಲು ಎಣಿಸಿದ. ಟಾರ್ಚು, ಕನ್ನಡಿ ಅವನ ಕೈಯಲ್ಲೇ. ಆಮೇಲೆ ಅಜ್ಜಿಯ ಹಲ್ಲು ಎಣಿಸಿದ. ಅಜ್ಜಿಗೆ ಉಳಿದದ್ದು ಕೆಲವೇ, ಅದಕ್ಕೆ ಅವನು ಬಿದ್ದು ಬಿದ್ದು ನಕ್ಕ. ಕಾಲೇಜಿನ ಮೊದಲ ಭೇಟಿಯಲ್ಲಿ ಬರೀ ಕುರ್ಚಿ ಮೇಲೆ ಕೆಳಗೆ ಮಾಡಿಸಿ ವಾಪಸ್. ಎರಡನೆಯ ಸಲ ಮುಂದಿನ ಹಲ್ಲಿಗೆ ಔಷಧಿ. ಆಮೇಲೆ ಸ್ಟೀಲ್ ಕ್ಯಾಪ್, ಅದು ಅವನಿಗೆ ಶಾಲೆಯಲ್ಲಿ ತೋರಿಸುವ ವಸ್ತುವಾಯಿತು. ನೋವಿಲ್ಲದ ಕೆಲಸ ಮೊದಲು, ಚುಚ್ಚುವುದು ಕೊನೆಗೆ ಅನ್ನುವ ಕ್ರಮ ವೈದ್ಯರದ್ದೇ. ಒಳಗೆ ಜೊತೆಗೆ ಹೋದದ್ದು ತಂದೆ. ತಾಯಿಯ ಮುಖ ನೋಡಿದರೆ ಅವನಿಗೆ ಗಾಬರಿ ಹೆಚ್ಚುತ್ತಿತ್ತು. ಹಲ್ಲು ತೆಗೆಯುವ ದಿನ ಅತ್ತ, ಕೈ ಎತ್ತಿದ, ನಿಲ್ಲಿಸಿದರು, ಮತ್ತೆ ತಾನೇ ಬಾಯಿ ತೆರೆದ. ಗ್ಯಾಸ್ ಬೇಕಾಗಲಿಲ್ಲ. ಜೋಮು ಇಳಿಯುವ ತನಕ ತುಟಿ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಕೆಲಸ ಅಜ್ಜಿಯದು. ನರದ ಚಿಕಿತ್ಸೆಯೂ ಮುಂದಿನ ವಾರಗಳಲ್ಲಿ ಮುಗಿಯಿತು.

ಮನೆಯಲ್ಲಿ ಬ್ರಷ್ ಮಾಡಿಸುವುದು ಏಳೆಂಟು ವರ್ಷದವರೆಗೂ ದೊಡ್ಡವರ ಕೆಲಸ. ಅವನ ವಯಸ್ಸಿಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಉಗುಳಿದರೆ ಸಾಕು. ರಾತ್ರಿ ಬ್ರಷ್ ಆದ ಮೇಲೆ ನೀರು ಬಿಟ್ಟು ಏನೂ ಇಲ್ಲ. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಹಳ್ಳಿಯವರಾದರೆ ಯಾವ ಪೇಸ್ಟ್ ಅಂತ ದಂತವೈದ್ಯರನ್ನು ಕೇಳಿಯೇ ಬಳಸಿ. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ ಹೊಸ ದವಡೆಹಲ್ಲು ಬರುತ್ತದೆ. ಅದು ಶಾಶ್ವತ ಹಲ್ಲು. ಅದನ್ನೂ ಹಾಲುಹಲ್ಲು ಅಂದುಕೊಂಡು ಬಿಡುವವರು ಬಹಳ. ಬಂದ ಕೂಡಲೇ ತೋರಿಸಿ ಸೀಲೆಂಟ್ (ಹಲ್ಲಿನ ಗೀರುಗಳನ್ನು ಮುಚ್ಚುವ ಲೇಪ) ಹಾಕಿಸಬಹುದು.

ಕೊನೆಯ ಭೇಟಿಗೆ ಅಜ್ಜಿ, ಸೊಸೆ ಇಬ್ಬರೇ ಬಂದರು, ಸೊಂಟದ ಮೇಲೆ ಪುಟ್ಟನ ಒಂದೂವರೆ ವರ್ಷದ ತಂಗಿ. ಅವಳೂ ಬಾಟಲಿ ಬಿಟ್ಟು ಮಲಗುವುದಿಲ್ಲವಂತೆ. ಹಾಲಿಗೆ ಹಾಕುವ ಸಕ್ಕರೆ ಇವತ್ತಿನಿಂದಲೇ ನಿಲ್ಲಿಸಿ, ದಿನ ದಿನಕ್ಕೆ ನೀರು ಹೆಚ್ಚಿಸುತ್ತ ಹೋಗಿ, ಕೊನೆಗೆ ಬರೀ ನೀರು ಎಂದೆ. ಅಳುವ ರಾತ್ರಿಗಳು ಕೆಲವು ಇರುತ್ತವೆ, ಆಗ ಎತ್ತಿಕೊಳ್ಳುವುದು ಯಾರ ಪಾಳಿ ಅಂತ ಈಗಲೇ ಹಂಚಿಕೊಳ್ಳಿ ಎಂದೂ ಹೇಳಿದೆ. ಹಲ್ಲಿಗೆ ಅಕ್ಕಿಕಾಳಿನಷ್ಟು ಪೇಸ್ಟ್. ವಾರಕ್ಕೊಮ್ಮೆ ಮೇಲ್ತುಟಿ ಎತ್ತಿ, ಒಸಡಿನ ಅಂಚಿಗೆ ಸುಣ್ಣದಂಥ ಬಿಳಿ ಗೆರೆ ಇದೆಯಾ ನೋಡಿ. ಆ ಹಂತದಲ್ಲಿ ಸಿಕ್ಕರೆ ಫ್ಲೋರೈಡ್ ವಾರ್ನಿಶ್ ಹಚ್ಚಿ ಹುಳುಕನ್ನು ಹಿಮ್ಮೆಟ್ಟಿಸಬಹುದು. ಅಜ್ಜಿ ಅಲ್ಲೇ ಮೊಮ್ಮಗಳ ತುಟಿ ಎತ್ತಿದರು. ಗೆರೆ ಇತ್ತು. ಅದೇ ಮಧ್ಯಾಹ್ನ ಕಾಲೇಜಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟೆ.