ಶಿರಾಡಿ ಬಂದ್ ಆದ ಸುದ್ದಿ ಯಾವ ಕವಲಿನಲ್ಲಿ ಸಿಗಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಕ್ಯಾಮೆರಾ, ಡಿಜಿಟಲ್ ಫಲಕ, ಮಳೆ ಮಾಪಕ, ಕಂಟ್ರೋಲ್ ರೂಮ್ ಎಲ್ಲವನ್ನೂ ಒಂದಕ್ಕೊಂದು ಹೆಣೆದ ಸಂಚಾರ ನಿರ್ವಹಣೆಗೆ ಐಟಿಎಸ್ ಎನ್ನುತ್ತಾರೆ. ಕರಾವಳಿಗೆ ಇಳಿಯುವ ಮೂರು ಹೆದ್ದಾರಿಗಳಲ್ಲಿ, ಅಂದರೆ ಶಿರಾಡಿ, ಚಾರ್ಮಾಡಿ ಮತ್ತು ಸಂಪಾಜೆಯಲ್ಲಿ, ಅದು ಹೇಗಿರಬೇಕು ಎಂದು ಕೇಳಿ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು.

ಶಿರಾಡಿ ಬಂದ್ ಎಂಬುದು ಸಕಲೇಶಪುರ ಮುಟ್ಟಿದ ಮೇಲೆ ಗೊತ್ತಾಗುತ್ತದೆ. ಡಿಜಿಟಲ್ ಫಲಕ ಹಾಕುವುದಾದರೆ ಎಲ್ಲಿ ಹಾಕಬೇಕು? (ಹಾಸನದ ಓದುಗರು)

ಘಾಟಿ ಎಲ್ಲಿದೆ ಎಂದು ನೋಡಿ ಫಲಕ ನೆಡಬಾರದು, ಕವಲು ಎಲ್ಲಿದೆ ಎಂದು ನೋಡಿ ನೆಡಬೇಕು. ಚಾಲಕ ದಾರಿ ಬದಲಿಸಬಹುದಾದ ಕೊನೆಯ ಜಾಗ ದಾಟಿದ ಮೇಲೆ ಸಿಗುವ ಸುದ್ದಿಯಿಂದ ಉಪಯೋಗವಿಲ್ಲ.

ಬೆಂಗಳೂರು ಕಡೆಯಿಂದ ಲೆಕ್ಕ ಹಾಕೋಣ. ನೆಲಮಂಗಲ, ಹಾಸನದ ದಾರಿ ಹಿಡಿಯಬೇಕೋ ಮೈಸೂರು, ಮಡಿಕೇರಿಯ ದಾರಿ ಹಿಡಿಯಬೇಕೋ ಎಂಬ ತೀರ್ಮಾನ ಊರು ಬಿಡುವಾಗಲೇ ಆಗಿಬಿಡುತ್ತದೆ. ಹಾಗಾಗಿ ಮೊದಲ ಫಲಕ ನೆಲಮಂಗಲಕ್ಕಿಂತ ಮುಂಚೆ ಬೇಕು. ಎರಡನೆಯದು ಹಾಸನಕ್ಕೆ ಮೊದಲು, ಏಕೆಂದರೆ ಅಲ್ಲಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಹಿಡಿದು ಚಾರ್ಮಾಡಿಗೂ ಅರಕಲಗೂಡು, ಕುಶಾಲನಗರದ ಮೂಲಕ ಮಡಿಕೇರಿಗೂ ಹೋಗಬಹುದು. ಸಕಲೇಶಪುರ ದಾಟಿದ ಮೇಲೆ ಉಳಿಯುವುದು ಕಿರಿದಾದ ಗುಡ್ಡಗಾಡು ರಸ್ತೆಗಳು. ಅಲ್ಲಿ ಹದಿನಾಲ್ಕು ಚಕ್ರದ ಲಾರಿಯನ್ನು ತಿರುಗಿಸಲೂ ಆಗದು. ಮಂಗಳೂರು ಕಡೆಯಿಂದ ಲೆಕ್ಕ ಸುಲಭ: ಚಾರ್ಮಾಡಿಯ ರಸ್ತೆ ಕವಲೊಡೆಯುವ ಬಿ.ಸಿ. ರೋಡಿಗೆ ಮೊದಲು ಒಂದು, ಪುತ್ತೂರು, ಸುಳ್ಯ, ಸಂಪಾಜೆಯ ರಸ್ತೆ ಸಿಗುವ ಮಾಣಿಗೆ ಮೊದಲು ಇನ್ನೊಂದು.

ಪ್ರತಿ ಕವಲಿಗೆ ಸುಮಾರು 1 ಕಿ.ಮೀ. ಹಿಂದೆ ಫಲಕವಿರಲಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅಷ್ಟು ದೂರ ಸಾಗಲು 45 ಸೆಕೆಂಡು ಬೇಕು. ಓದಿ, ಯೋಚಿಸಿ, ಲೇನ್ ಬದಲಿಸಲು ಅದು ಸಾಕು.

‘ಶಿರಾಡಿ ಬಂದ್’ ಎಂದಷ್ಟೇ ಬರೆದರೆ ಅರ್ಧ ಕೆಲಸ. ಕಾರಿಗೆ ಸಲ್ಲುವ ದಾರಿ ಲಾರಿಗೆ ಸಲ್ಲುವುದಿಲ್ಲ. ಚಾರ್ಮಾಡಿಯ ಕಡಿದಾದ ತಿರುವುಗಳಿಗೆ ಭಾರಿ ವಾಹನ ಕಳಿಸಿದರೆ ಆ ರಸ್ತೆಯೂ ಕಟ್ಟಿಕೊಳ್ಳುತ್ತದೆ. ಆದ್ದರಿಂದ ‘ಕಾರು: ಬೇಲೂರು–ಚಾರ್ಮಾಡಿ’, ‘ಲಾರಿ: ಹಾಸನದಲ್ಲಿ ನಿಲ್ಲಿಸಿ’ ಎಂದು ವಾಹನದ ವರ್ಗ ನೋಡಿ ಹೇಳಬೇಕು. ನಿಲ್ಲಿಸಿ ಎಂದವರು ಜಾಗ ಕೊಡಬೇಕು. ಒಂದು ಲಾರಿಗೆ ಅಂತರ ಸೇರಿ 15 ಮೀಟರ್ ಹಿಡಿದರೆ, 1 ಕಿ.ಮೀ. ಉದ್ದದ ಒಂದು ಸಾಲಿನಲ್ಲಿ ನಿಲ್ಲುವುದು 66 ಲಾರಿ ಮಾತ್ರ. ಮಂಗಳೂರಿನಿಂದ ಬರುವ ಅಡುಗೆ ಅನಿಲದ ಟ್ಯಾಂಕರ್‌ಗಳನ್ನು ಆ ಸಾಲಿನಲ್ಲಿ ಸೇರಿಸಕೂಡದು. ಅವುಗಳಿಗೆ ಮನೆ, ಹೋಟೆಲುಗಳಿಂದ ದೂರದ ಬೇರೆ ಜಾಗ ಗುರುತಿಸಿಡಬೇಕು. ನೀರು, ಶೌಚಾಲಯ, ದೀಪವಿಲ್ಲದ ಜಾಗದಲ್ಲಿ ಚಾಲಕರು ನಿಲ್ಲುವುದಿಲ್ಲ, ಘಾಟಿಯ ಬುಡದವರೆಗೂ ಬಂದೇ ಬರುತ್ತಾರೆ. ಹೀಗಾಗಿ ನಿಲ್ದಾಣದ ಖರ್ಚನ್ನೂ ಫಲಕದ ಯೋಜನೆಯಲ್ಲೇ ಸೇರಿಸಬೇಕು.

ಹೆದ್ದಾರಿಯ ಡಿಜಿಟಲ್ ಫಲಕಗಳಲ್ಲಿ ಕನ್ನಡ ಒಡೆದು ಕಾಣುತ್ತದೆ, ಒತ್ತಕ್ಷರ ಅಕ್ಷರದ ಪಕ್ಕಕ್ಕೆ ಬಂದಿರುತ್ತದೆ. ಇದಕ್ಕೆ ಪರಿಹಾರವಿಲ್ಲವೇ? (ಪುತ್ತೂರಿನ ಓದುಗರು)

ಖಂಡಿತ ಇದೆ. ಟೆಂಡರ್ ಬರೆಯುವಾಗಲೇ ಗಮನಿಸಬೇಕು, ಫಲಕ ಏರಿದ ಮೇಲೆ ತಿದ್ದುವುದು ಕಷ್ಟ.

ತೊಂದರೆ ಎರಡು ಬಗೆಯದು. ಮೊದಲನೆಯದು ಫಲಕದ ರಚನೆ. ಇಂಗ್ಲಿಷ್‌ಗೆಂದು ಮಾಡಿದ ಫಲಕದಲ್ಲಿ ಅಕ್ಷರಕ್ಕೊಂದು ಚೌಕ, ಚೌಕದೊಳಗೆ 7 ಸಾಲು ಎಲ್‌ಇಡಿ ಚುಕ್ಕೆ ಇರುತ್ತದೆ. ಅದರಲ್ಲಿ ‘ರಸ್ತೆ’ ಎಂಬ ಪದದ ಒತ್ತು ಹಿಡಿಸುವುದಿಲ್ಲ. ಕನ್ನಡಕ್ಕೆ ಇಡೀ ಫಲಕ ಒಂದೇ ಜಾಲವಾಗಿ ಉರಿಯುವ ಫುಲ್ ಮ್ಯಾಟ್ರಿಕ್ಸ್ ಬೇಕು. ಎರಡನೆಯದು ತಂತ್ರಾಂಶ. ಫಲಕದೊಳಗಿನ ಕಂಟ್ರೋಲರ್‌ಗೆ ಯೂನಿಕೋಡ್ ಅಕ್ಷರ ಜೋಡಿಸಲು ಬಾರದಿದ್ದರೆ ‘ಚಾರ್ಮಾಡಿ’ಯ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಸುಲಭದ ದಾರಿಯೆಂದರೆ ಕಂಟ್ರೋಲ್ ರೂಮಿನಲ್ಲೇ ಸಂದೇಶವನ್ನು ಚಿತ್ರವಾಗಿ ಮಾಡಿ ಕಳಿಸುವುದು. ಆಗ ಫಲಕ ಆ ಚಿತ್ರವನ್ನು ತೋರಿಸಿದರೆ ಸಾಕು.

ಅಳತೆಯೂ ಮುಖ್ಯ. ಮೂಲ ಅಕ್ಷರ 40 ಸೆಂ.ಮೀ. ಎತ್ತರವಿದ್ದರೆ ಹಗಲಿನಲ್ಲಿ ಸುಮಾರು 200 ಮೀಟರ್‌ನಿಂದ ಓದಬಹುದು. ಕೊನೆಯ 40 ಮೀಟರ್‌ನಲ್ಲಿ ಫಲಕ ಕಣ್ಣಿನ ನೇರದಿಂದ ಮೇಲೆ ಹೋಗುತ್ತದೆ. ಉಳಿದ 160 ಮೀಟರ್ ದಾಟಲು 80 ಕಿ.ಮೀ. ವೇಗದಲ್ಲಿ ಸಿಗುವುದು 7 ಸೆಕೆಂಡು. ಕನ್ನಡಕ್ಕೆ ಮೂರೂವರೆ, ಇಂಗ್ಲಿಷ್‌ಗೆ ಮೂರೂವರೆ. ಅಂದರೆ ಒಂದೊಂದು ಪುಟಕ್ಕೆ ಮೂರು ನಾಲ್ಕು ಪದ, ಅಷ್ಟೇ. ‘ಸುರಕ್ಷಿತವಾಗಿ ಚಲಿಸಿ, ಕುಟುಂಬ ಕಾಯುತ್ತಿದೆ’ ಎಂಬಂಥ ಸಾಲುಗಳು ಈ ಏಳು ಸೆಕೆಂಡನ್ನು ನುಂಗುತ್ತವೆ. ಅವು ದಿನವೂ ಓಡುತ್ತಿದ್ದರೆ ನಿಜವಾದ ಎಚ್ಚರಿಕೆ ಬಂದ ದಿನ ಯಾರೂ ತಲೆಯೆತ್ತಿ ನೋಡುವುದಿಲ್ಲ.

ಗುತ್ತಿಗೆದಾರರು ಒತ್ತನ್ನೂ ಸೇರಿಸಿ 40 ಸೆಂ.ಮೀ. ಎಂದು ಲೆಕ್ಕ ತೋರಿಸುವುದುಂಟು. ಆಗ ಮೂಲ ಅಕ್ಷರ ಕುಗ್ಗಿ, ಓದುವ ದೂರವೂ ಕುಗ್ಗುತ್ತದೆ. ಚುಕ್ಕೆಗಳ ನಡುವೆ 16 ಮಿ.ಮೀ. ಅಂತರವಿರುವ ಫಲಕದಲ್ಲಿ ಮೂಲ ಅಕ್ಷರಕ್ಕೆ 25 ಸಾಲು, ಮೇಲಿನ ಗುಣಿತ ಚಿಹ್ನೆ ಮತ್ತು ಕೆಳಗಿನ ಒತ್ತು ಸೇರಿ ಒಂದು ಪಂಕ್ತಿಗೆ 44 ಸಾಲು ಕೇಳಿ. ಎರಡು ಪಂಕ್ತಿಗೆ ಫಲಕದ ಎತ್ತರ 1.4 ಮೀಟರ್ ಆಗುತ್ತದೆ. ರಾತ್ರಿ ಬೆಳಕು ತಾನಾಗಿ ತಗ್ಗುವ ಸೆನ್ಸರ್ ಇಲ್ಲದಿದ್ದರೆ, ಕತ್ತಲ ಕಾಡಿನ ರಸ್ತೆಯಲ್ಲಿ ಆ ಫಲಕವೇ ಕಣ್ಣು ಕುಕ್ಕುತ್ತದೆ.

ನಮ್ಮ ಭಾಗದಲ್ಲಿ ಕ್ಯಾಮೆರಾ ಮೊದಲು ಬಂತು. ಅದನ್ನು ಯಾರು ನೋಡಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಯೋಜನೆ ಶುರುವಾಗಬೇಕಾದದ್ದು ಎಲ್ಲಿಂದ? (ಬೆಳ್ತಂಗಡಿಯ ಓದುಗರು)

ಯಾರು, ಯಾವಾಗ, ಏನು ತೀರ್ಮಾನಿಸುತ್ತಾರೆ ಎಂಬ ಪಟ್ಟಿಯಿಂದ. ಶಿರಾಡಿಯ ಮೇಲ್ಭಾಗ ಹಾಸನ ಜಿಲ್ಲೆಗೆ, ಕೆಳಭಾಗ ದಕ್ಷಿಣ ಕನ್ನಡಕ್ಕೆ ಸೇರಿದೆ. ಚಾರ್ಮಾಡಿ ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ, ಸಂಪಾಜೆ ಕೊಡಗು ಮತ್ತು ದಕ್ಷಿಣ ಕನ್ನಡ. ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಡಿ ರಸ್ತೆ ಮುಚ್ಚುವ ಆದೇಶವನ್ನು ಆಯಾ ಜಿಲ್ಲಾಧಿಕಾರಿ ಹೊರಡಿಸುತ್ತಾರೆ. ಅಂದರೆ ಒಂದು ದಾರಿ ಕೆಟ್ಟರೆ ನಾಲ್ಕು ಜಿಲ್ಲೆಗಳ ಆಡಳಿತ, ಪೊಲೀಸರು, ಹೆದ್ದಾರಿ ಎಂಜಿನಿಯರುಗಳು ಮತ್ತು ಕೆಎಸ್‌ಆರ್‌ಟಿಸಿಯ ಮಂಗಳೂರು, ಪುತ್ತೂರು, ಹಾಸನ, ಚಿಕ್ಕಮಗಳೂರು ವಿಭಾಗಗಳಿಗೆ ಒಂದೇ ಮಾತು ಒಂದೇ ಹೊತ್ತಿಗೆ ತಲುಪಬೇಕು. ಮೇಲೆ ಮುಚ್ಚಿದ ಸುದ್ದಿ ಕೆಳಗಿನ ಗುಂಡ್ಯಕ್ಕೆ ಅರ್ಧ ಗಂಟೆ ತಡವಾದರೆ, ಆ ಅರ್ಧ ಗಂಟೆಯಲ್ಲಿ ಹತ್ತಿದ ಲಾರಿಗಳು ಘಾಟಿಯ ನಡುವೆ ಸಿಕ್ಕಿಕೊಳ್ಳುತ್ತವೆ. ಮಣ್ಣು ತೆಗೆಯಲು ಬರುವ ಜೆಸಿಬಿಗೂ ದಾರಿ ಇರುವುದಿಲ್ಲ.

ಒಂದು ದೊಡ್ಡ ಹಾಳೆಯಲ್ಲಿ ಐದು ಅಂಕಣ ಗೆರೆ ಎಳೆಯಿರಿ: ಕಳಿಸುವವರು, ಪಡೆಯುವವರು, ವಿಷಯ, ಎಷ್ಟು ನಿಮಿಷದೊಳಗೆ, ನೆಟ್‌ವರ್ಕ್ ಹೋದರೆ ಬದಲಿ ದಾರಿ. ಸುದ್ದಿಯ ಒಕ್ಕಣೆಯೂ ಒಂದೇ ಇರಲಿ: ಯಾವ ರಸ್ತೆ, ಯಾವ ಕಿ.ಮೀ. ಕಲ್ಲಿನಿಂದ ಯಾವುದರವರೆಗೆ, ಯಾವ ವಾಹನಗಳಿಗೆ, ಎಂದಿನಿಂದ, ಮತ್ತೆ ಪರಿಶೀಲನೆ ಎಷ್ಟು ಗಂಟೆಗೆ. ಅಮೆರಿಕದಲ್ಲಿ 2001ರಲ್ಲಿ ಬಂದ ನಿಯಮದ ಪ್ರಕಾರ, ಯಾರು ಯಾರಿಗೆ ಏನು ತಿಳಿಸಬೇಕೆಂಬ ಇಂಥ ಪ್ರಾದೇಶಿಕ ನಕ್ಷೆಗೆ ಹೊಂದದ ಐಟಿಎಸ್ ಕಾಮಗಾರಿಗೆ ಕೇಂದ್ರದ ಹೆದ್ದಾರಿ ನಿಧಿಯ ಹಣ ಸಿಗುವುದಿಲ್ಲ. ನಮ್ಮಲ್ಲೂ ಈ ಕಟ್ಟುಪಾಡು ಬೇಕೇ ಬೇಕು.

ಆ ಪಟ್ಟಿಯಲ್ಲಿ ‘ಮೂರೂ ಬಂದ್’ ಎಂಬ ಸಾಲು ತಪ್ಪದೆ ಇರಲಿ. 2018ರ ಆಗಸ್ಟ್‌ನಲ್ಲಿ ಶಿರಾಡಿಯೂ ಸಂಪಾಜೆಯೂ ಒಟ್ಟಿಗೇ ಕುಸಿದವು. ಒಂದು ಘಾಟಿಯನ್ನು ಕೆಡಿಸುವ ಮಳೆ ಪಕ್ಕದ ಘಾಟಿಯನ್ನೂ ಕೆಡಿಸುತ್ತದೆ. ಪರ್ಯಾಯ ಮಾರ್ಗ ಇದ್ದೇ ಇರುತ್ತದೆ ಎಂದು ನಂಬಿ ಬರೆದ ಯೋಜನೆ ಅಂಥ ವಾರದಲ್ಲೇ ಕೈಕೊಡುತ್ತದೆ. 2024ರ ಜುಲೈ ಕೊನೆಯಲ್ಲಂತೂ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿಯ ಬುಡವೂ ಎಡಕುಮರಿ ಬಳಿ ಜಾರಿತ್ತು.

ಮಳೆ ಮಾಪಕ ನೋಡಿ ಧರೆ ಕುಸಿತವನ್ನು ಮೊದಲೇ ಹೇಳಬಹುದೇ? (ಮೂಡಿಗೆರೆ)

ಯಾವ ಧರೆ, ಎಷ್ಟು ಗಂಟೆಗೆ ಎಂದು ಹೇಳಲಾಗದು. ಅಪಾಯ ಏರುತ್ತಿದೆ ಎಂದು ಹೇಳಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಅವನ್ನು ಬಳಸಿ, ಘಾಟಿಯ ಎತ್ತರದ ಭಾಗದಲ್ಲಿ ಮಾಪಕ ಇಲ್ಲದ ಕಡೆ ಮಾತ್ರ ಹೊಸದು ಹಾಕಿ. ಎರಡು ಅಂಕಿಗಳನ್ನು ಒಟ್ಟಿಗೆ ನೋಡಬೇಕು: ಹಿಂದಿನ ಕೆಲವು ದಿನಗಳ ಒಟ್ಟು ಮಳೆ ಮತ್ತು ಈ ಗಂಟೆಯ ಬಿರುಸು. ನೆನೆದ ಗುಡ್ಡಕ್ಕೆ ಸಣ್ಣ ಬಿರುಸೂ ಸಾಕು. ಮಿತಿ ಎಷ್ಟಿರಬೇಕೆಂಬುದನ್ನು ಆ ಘಾಟಿಯಲ್ಲೇ ಹಿಂದೆ ಕುಸಿದ ದಿನಗಳ ದಾಖಲೆಯಿಂದ ತೆಗೆಯಬೇಕು. ಬೇರೆ ರಾಜ್ಯದ ಅಂಕಿ ತಂದು ಕೂರಿಸಿದರೆ ಸುಳ್ಳು ಎಚ್ಚರಿಕೆಗಳೇ ಹೆಚ್ಚು. ಮೊದಲ ಮಿತಿ ದಾಟಿದಾಗ ಗಸ್ತು ವಾಹನ ಹೋಗಲಿ, ಚರಂಡಿ ಕಟ್ಟಿದೆಯೇ, ಧರೆಯಲ್ಲಿ ಹೊಸ ಬಿರುಕಿದೆಯೇ, ಒರತೆಯ ನೀರು ಕೆಂಪಾಗಿದೆಯೇ ನೋಡಲಿ. ಎರಡನೆಯ ಮಿತಿ ದಾಟಿದರೆ ಗೇಟು ಹಾಕಿ ರಸ್ತೆ ಮುಚ್ಚಲಿ.

ಘಾಟಿಯಲ್ಲಿ ಕರೆಂಟೇ ನಿಲ್ಲುವುದಿಲ್ಲ. ಕ್ಯಾಮೆರಾ ಮಳೆಗಾಲದಲ್ಲಿ ಬದುಕುವುದು ಹೇಗೆ? (ಸುಳ್ಯ)

ಒಂದು ಕ್ಯಾಮೆರಾ ಮತ್ತು ಮೋಡೆಮ್ ಸೇರಿ 25 ವ್ಯಾಟ್ ಎಂದುಕೊಳ್ಳಿ. ದಿನಕ್ಕೆ 600 ವ್ಯಾಟ್-ಗಂಟೆ ಆಯಿತು. ಮೂರು ದಿನ ಬಿಸಿಲಿಲ್ಲದೆ ನಡೆಯಲು 1,800 ಬೇಕು. ಲಿಥಿಯಂ ಬ್ಯಾಟರಿಯ ಶೇ 80ರಷ್ಟನ್ನೇ ಬಳಸಬೇಕಾದ್ದರಿಂದ 2,250 ವ್ಯಾಟ್-ಗಂಟೆಯದು, ಅಂದರೆ 12 ವೋಲ್ಟಿನಲ್ಲಿ ಸುಮಾರು 190 ಆಂಪಿಯರ್-ಗಂಟೆ. ಆಷಾಢದ ಮೋಡದಲ್ಲಿ ಪೂರ್ಣ ಬಿಸಿಲಿಗೆ ಸಮನಾದ ಎರಡೇ ಗಂಟೆ ಸಿಕ್ಕರೆ, ನಷ್ಟ ಕಳೆದು 460 ವ್ಯಾಟ್ ಪ್ಯಾನೆಲ್ ಬೇಕಾಗುತ್ತದೆ. ಬೇಸಿಗೆಯ ಐದು ಗಂಟೆ ಬಿಸಿಲಿಗೆ ಲೆಕ್ಕ ಹಾಕಿ 200 ವ್ಯಾಟ್ ಪ್ಯಾನೆಲ್ ಕೂರಿಸಿದ್ದೇ, ಬೇಕಾದ ತಿಂಗಳಲ್ಲಿ ಕ್ಯಾಮೆರಾ ಕುರುಡಾಗಲು ಸಾಮಾನ್ಯ ಕಾರಣ. ಮರದ ನೆರಳಿನಲ್ಲಿ ಈ ಲೆಕ್ಕವೂ ನಿಲ್ಲದು, ಅಲ್ಲಿ ಕೇಬಲ್ ಎಳೆಯಲೇಬೇಕು.

ಏಪ್ರಿಲ್, ಮೇ ತಿಂಗಳ ಸಿಡಿಲು ಇನ್ನೊಂದು ಶತ್ರು. ವಿದ್ಯುತ್ ತಂತಿಗೆ ಮಾತ್ರ ಸರ್ಜ್ ರಕ್ಷಕ ಹಾಕಿ ಡೇಟಾ ಕೇಬಲ್ ಮರೆತರೆ ಸಿಡಿಲಿನ ಏಟು ಅದರ ಮೂಲಕ ಒಳಬರುತ್ತದೆ. ಮುರಕಲ್ಲಿನ ನೆಲದಲ್ಲಿ ಒಂದು ಅರ್ತಿಂಗ್ ಕಡ್ಡಿ ಸಾಲದು. ಎರಡು ಮೂರು ಕಡ್ಡಿ ಜೋಡಿಸಿ ರೋಧ 10 ಓಮ್‌ಗಿಂತ ಕೆಳಗಿಳಿದಿದೆಯೇ ಎಂದು ಒಣಗಾಲದಲ್ಲಿ ಅಳೆಯಿರಿ, ಮಳೆಗಾಲದ ಅಳತೆ ನಂಬಬೇಡಿ. ಪೆಟ್ಟಿಗೆಗೆ ಕೇಬಲ್ ಕೆಳಗಿನಿಂದಲೇ ಹೋಗಲಿ, ರಂಧ್ರ ಭದ್ರವಾಗಿ ಮುಚ್ಚಿರಲಿ. ಇರುವೆ ಮತ್ತು ಹಲ್ಲಿ ಸರ್ಕ್ಯೂಟನ್ನು ಹಾಳು ಮಾಡುವುದು ನೀರಿಗಿಂತ ಕಡಿಮೆಯೇನಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿಯಂತೆ ವೇಗದ ಕ್ಯಾಮೆರಾ ಹಾಕಿದರೆ ದಂಡ ಕಾನೂನಿನ ಮುಂದೆ ನಿಲ್ಲುತ್ತದೆಯೇ? (ಮಂಡ್ಯ)

ನಿಯಮ ಪಾಲಿಸಿದ್ದರೆ ನಿಲ್ಲುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಾವಳಿಗೆ 2021ರಲ್ಲಿ ಸೇರಿದ 167ಎ ನಿಯಮದ ಪ್ರಕಾರ ಉಪಕರಣಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ಪ್ರತಿವರ್ಷ ನವೀಕರಿಸಬೇಕು, ಕ್ಯಾಮೆರಾ ಇದೆ ಎಂಬ ಫಲಕ ಹಾಕಿರಬೇಕು, ನೋಟಿಸ್ ನಿಗದಿತ ಗಡುವಿನೊಳಗೆ ಹೋಗಬೇಕು. ಎರಡು ಕಂಬಗಳ ನಡುವಿನ ಸರಾಸರಿ ವೇಗ ಅಳೆಯುವಾಗ ಗಡಿಯಾರಗಳು ಒಂದಾಗಿರಬೇಕು. 100 ಕಿ.ಮೀ. ವೇಗದಲ್ಲಿ 2 ಕಿ.ಮೀ. ದಾಟಲು 72 ಸೆಕೆಂಡು. ಗಡಿಯಾರ 2 ಸೆಕೆಂಡು ತಪ್ಪಿದರೆ ವೇಗದಲ್ಲಿ ಶೇ 3ರ ಹತ್ತಿರ ತಪ್ಪು. ಅದೇ 10 ಕಿ.ಮೀ. ಅಂತರವಿದ್ದರೆ ಶೇ ಅರ್ಧ ಮಾತ್ರ. ದೂರವನ್ನು ಒಳತಿರುವಿನ ಅತಿ ಚಿಕ್ಕ ದಾರಿಯಲ್ಲಿ ಅಳೆದರೆ ಯಾರಿಗೂ ಅನ್ಯಾಯವಾಗದು.

ನಿರ್ವಹಣೆಯ ಗುತ್ತಿಗೆಯಲ್ಲಿ ‘ಶೇ 98ರಷ್ಟು ಕಾಲ ಚಾಲೂ’ ಎಂದಿದೆ. ಇದು ಸಾಕೇ? (ಮಡಿಕೇರಿ)

ಸಾಲದು. ವರ್ಷದ 8,760 ಗಂಟೆಗಳಲ್ಲಿ ಶೇ 2 ಎಂದರೆ 175 ಗಂಟೆ, ಏಳು ದಿನಕ್ಕೂ ಹೆಚ್ಚು. ಆ ಏಳು ದಿನವೂ ಜುಲೈನಲ್ಲೇ ಬಂದರೆ ಗುತ್ತಿಗೆದಾರರಿಗೆ ಪೂರ್ತಿ ಬಿಲ್ಲು ಸಿಗುತ್ತದೆ, ಘಾಟಿಗೆ ವ್ಯವಸ್ಥೆ ಇಲ್ಲದಂತಾಗುತ್ತದೆ. ಲೆಕ್ಕವನ್ನು ತಿಂಗಳಿಗೊಮ್ಮೆ, ಉಪಕರಣಕ್ಕೊಂದರಂತೆ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟುನಿಟ್ಟಿನ ಮಿತಿ, ದುರಸ್ತಿಗೆ ಗಂಟೆಗಳ ಗಡುವು ಬೇರೆಯೇ ಇರಲಿ. ಬಿಡಿಭಾಗಗಳನ್ನು ಬೆಂಗಳೂರಿನಲ್ಲಿಟ್ಟರೆ ರಸ್ತೆ ಮುಚ್ಚಿದ ದಿನ ಅವು ಬರುವುದೂ ಅದೇ ಮುಚ್ಚಿದ ರಸ್ತೆಯಲ್ಲಿ. ಹಾಗಾಗಿ ಘಾಟಿಯ ಮೇಲೊಂದು, ಕೆಳಗೊಂದು ದಾಸ್ತಾನು ಕಡ್ಡಾಯ ಮಾಡಿ. ಕ್ಯಾಮೆರಾ, ಫಲಕಗಳು ಯಾವ ಕಂಪನಿಯ ಉಪಕರಣದೊಂದಿಗೂ ಹೊಂದುವ ಮುಕ್ತ ಸಂವಹನ ಮಾನದಂಡಗಳನ್ನೇ ಬಳಸಬೇಕು, ಪಾಸ್‌ವರ್ಡ್ ಮತ್ತು ದತ್ತಾಂಶ ಇಲಾಖೆಯ ಕೈಯಲ್ಲಿರಬೇಕು ಎಂದೂ ಬರೆಸಿ. ಇಲ್ಲದಿದ್ದರೆ ಐದು ವರ್ಷದ ಗುತ್ತಿಗೆ ಮುಗಿದ ದಿನ ಕಂಬಗಳು ನಿಮ್ಮವು, ಒಳಗಿನದೆಲ್ಲ ಅವರದು.